ರಸ್ತೆ ಕಿರಿದಾದರೆ ಬಡಾವಣೆ ಹಿರಿದಾದೀತೆ?

ಬೆಂಗಳೂರಿನಲ್ಲಿ ‘ರಸ್ತೆ ಅಭಿವೃದ್ಧಿ’ ಎಂದರೆ ರಸ್ತೆಯನ್ನು ಅಗಲಗೊಳಿಸುವುದು ಎಂಬ ಅರ್ಥವೇ ದಶಕಗಳ ಕಾಲ ಚಾಲ್ತಿಯಲ್ಲಿತ್ತು. ಮರ ಉರುಳಿಸಿ, ಕಾಂಪೌಂಡ್ ಒಡೆದು, ಫುಟ್‌ಪಾತ್ ಕತ್ತರಿಸಿ ವಾಹನಗಳಿಗೆ ಜಾಗ ಒದಗಿಸುವುದೇ ಪಾಲಿಕೆಯ ಎಂಜಿನಿಯರುಗಳ ಕಾಯಕವಾಗಿತ್ತು. ಕಳೆದೊಂದು ದಶಕದಿಂದೀಚೆಗೆ ಇದಕ್ಕೆ ತದ್ವಿರುದ್ಧವಾದ ಪ್ರಯೋಗಗಳೂ ನಗರದ ಕೆಲವು ಭಾಗಗಳಲ್ಲಿ ನಡೆದಿವೆ. ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆ, ವಿಠಲ ಮಲ್ಯ ರಸ್ತೆಗಳಲ್ಲಿ ‘ಟೆಂಡರ್‌ಶ್ಯೂರ್’ ಹೆಸರಿನಲ್ಲಿ ವಾಹನ ಪಥಗಳು ಕಿರಿದಾಗಿ ಪಾದಚಾರಿ ಮಾರ್ಗಗಳು ಅಗಲವಾದವು. ಚರ್ಚ್ ಸ್ಟ್ರೀಟ್‌ನಲ್ಲಿ ಕೆಲವು ತಿಂಗಳ ಕಾಲ ವಾರಾಂತ್ಯಗಳಲ್ಲಿ ವಾಹನ ಸಂಚಾರವನ್ನೇ ನಿಲ್ಲಿಸಲಾಯಿತು. ಬಸವನಗುಡಿಯ ಗಾಂಧಿ ಬಜಾರ್ ಮುಖ್ಯ ರಸ್ತೆಯನ್ನು ನಡೆದಾಡುವವರಿಗೆ ಅನುಕೂಲವಾಗುವಂತೆ ಹೊಸದಾಗಿ ರೂಪಿಸಲಾಯಿತು.

ಪ್ರತಿಯೊಂದು ಸಂದರ್ಭದಲ್ಲೂ ಸ್ಥಳೀಯರ ಅಭಿಪ್ರಾಯ ಎರಡಾಗಿ ಸೀಳಿತು. ‘ಇದ್ದ ರಸ್ತೆಯೇ ಸಾಲದು, ಅದನ್ನೂ ಕಿರಿದು ಮಾಡಿದರೆ ಗತಿಯೇನು’ ಎಂಬುದು ಒಂದು ಬಣದ ಪ್ರಶ್ನೆ. ‘ಮನೆಯಿಂದ ಹೊರಬಿದ್ದು ಹಾಲು, ತರಕಾರಿ ತರಲೂ ಜೀವ ಕೈಯಲ್ಲಿ ಹಿಡಿದು ನಡೆಯಬೇಕೆ’ ಎಂಬುದು ಇನ್ನೊಂದು ಬಣದ ಮರುಪ್ರಶ್ನೆ. ಆಡಳಿತ ಯಂತ್ರ ಈ ಭಿನ್ನಮತವನ್ನು ಕಾರು ಉಳ್ಳವರು ಮತ್ತು ನಡೆಯುವವರ ನಡುವಿನ ಕಲಹವೆಂದು ಬಗೆಯಿತು. ಮಾಧ್ಯಮಗಳೂ ಬಹುಮಟ್ಟಿಗೆ ಹಾಗೆಯೇ ಬಿಂಬಿಸಿದವು. ಆದರೆ ಸ್ಥಳೀಯರು ಎತ್ತಿದ ಆಕ್ಷೇಪಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಅಗಲವಾದ ಫುಟ್‌ಪಾತ್ ಬೇಡ ಎಂದವರು ವಿರಳ. ಫುಟ್‌ಪಾತ್‌ಗಾಗಿ ಜಾಗ ಬಿಟ್ಟುಕೊಟ್ಟ ವಾಹನಗಳು ಎಲ್ಲಿಗೆ ಹೋಗುತ್ತವೆ ಎಂಬುದಕ್ಕೆ ಉತ್ತರ ಸಿಗದೆ ವಿರೋಧಿಸಿದವರೇ ಹೆಚ್ಚು.

ವಿಸ್ತರಣೆಯೂ ಬೇಡ, ಸಂಕೋಚನವೂ ಬೇಡ?

ಬೆಂಗಳೂರಿನ ಹಳೆಯ ಬಡಾವಣೆಗಳು ನಡೆದಾಡುವುದಕ್ಕೆಂದೇ ಹುಟ್ಟಿದವು. ಮಲ್ಲೇಶ್ವರ ಮತ್ತು ಬಸವನಗುಡಿ 19ನೇ ಶತಮಾನದ ಕೊನೆಯಲ್ಲಿ, 1898ರ ಪ್ಲೇಗ್ ಮಾರಿಯ ಆಸುಪಾಸಿನಲ್ಲಿ, ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ಕರೆತರಲು ರೂಪುಗೊಂಡ ಬಡಾವಣೆಗಳು. ನೇರವಾದ ಮುಖ್ಯರಸ್ತೆ, ಅದಕ್ಕೆ ಅಡ್ಡಲಾಗಿ ಕ್ರಾಸ್, ಮನೆಗಳ ಹಿಂಬದಿಯಲ್ಲಿ ಕನ್ಸರ್ವೆನ್ಸಿ ಓಣಿ, ಕೂಗಳತೆಯಲ್ಲಿ ದೇವಸ್ಥಾನ, ಶಾಲೆ, ಮಾರುಕಟ್ಟೆ: ಇದು ಅವುಗಳ ಅಂಗರಚನೆ. 1940ರ ದಶಕದ ಕೊನೆಯಲ್ಲಿ ತಲೆಯೆತ್ತಿದ ಜಯನಗರವೂ ಸರಿಸುಮಾರು ಇದೇ ಮಾದರಿಯನ್ನು ದೊಡ್ಡ ಪ್ರಮಾಣದಲ್ಲಿ ಅನುಸರಿಸಿತು. ಕಾರು ಆಗ ಶ್ರೀಮಂತರ ಮನೆಯ ವಸ್ತು. ಇಂದು ನಗರದಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ 1 ಕೋಟಿಯನ್ನು ದಾಟಿದೆ. ಎತ್ತಿನ ಗಾಡಿ, ಸೈಕಲ್, ಜಟಕಾಗಳಿಗೆ ಸಾಕಾಗಿದ್ದ ಕ್ರಾಸ್ ರಸ್ತೆಗಳ ಇಕ್ಕೆಲಗಳೂ ಈಗ ನಿಂತ ಕಾರುಗಳಿಂದ ತುಂಬಿವೆ.

ಈ ಬಡಾವಣೆಗಳ ನಿವಾಸಿಗಳು ರಸ್ತೆ ವಿಸ್ತರಣೆಯನ್ನು ಸುಮ್ಮನೆ ಒಪ್ಪಿಕೊಂಡವರಲ್ಲ. 2011ರಲ್ಲಿ ಸ್ಯಾಂಕಿ ರಸ್ತೆ ವಿಸ್ತರಣೆಗಾಗಿ ಮರ ಕಡಿಯಲು ಹೊರಟಾಗ ಮಲ್ಲೇಶ್ವರದ ಜನ ಬೀದಿಗಿಳಿದಿದ್ದರು. 2023ರಲ್ಲಿ ಅದೇ ಕೆರೆಯ ಬಳಿ ಮೇಲ್ಸೇತುವೆಯ ಪ್ರಸ್ತಾಪ ಬಂದಾಗಲೂ ಪ್ರತಿಭಟನೆ ಮರುಕಳಿಸಿತು. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಸೇತುವೆಯ ವಿರುದ್ಧ ಸಾವಿರಾರು ಮಂದಿ ಮಾನವ ಸರಪಳಿ ರಚಿಸಿದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಆ ಯೋಜನೆಯನ್ನೇ ಕೈಬಿಟ್ಟಿತು.

ಅಗಲ ಮಾಡುವುದನ್ನು ವಿರೋಧಿಸಿದ ಬಡಾವಣೆಗಳಲ್ಲೇ ಕಿರಿದು ಮಾಡುವುದಕ್ಕೂ ವಿರೋಧ ಕೇಳಿಬಂದರೆ ಅದನ್ನು ಇಬ್ಬಂದಿತನವೆಂದು ಗೇಲಿ ಮಾಡುವುದು ಸುಲಭ. ಆದರೆ ಎರಡೂ ವಿರೋಧಗಳ ಬೇರು ಒಂದೇ. ಹೊರಗಿನಿಂದ ಬರುವ ವಾಹನಗಳ ಹೊರೆ ಬಡಾವಣೆಯ ಮೇಲೆ ಬೀಳಬಾರದು ಎಂಬ ಕಾಳಜಿ ಅದು. ರಸ್ತೆ ಅಗಲವಾದರೆ ಆ ಹೊರೆ ಮುಖ್ಯರಸ್ತೆಯ ಮೂಲಕ ಬರುತ್ತದೆ. ಮುಖ್ಯರಸ್ತೆ ಕಿರಿದಾಗಿ ಅಕ್ಕಪಕ್ಕದ ಕ್ರಾಸ್‌ಗಳಿಗೆ ಯಾವ ರಕ್ಷಣೆಯೂ ಇಲ್ಲದಿದ್ದರೆ ಅದೇ ಹೊರೆ ಮನೆಗಳ ಮುಂಬಾಗಿಲಿಗೆ ಬರುತ್ತದೆ. ನಿವಾಸಿಗಳ ದೃಷ್ಟಿಯಲ್ಲಿ ಎರಡನೆಯದು ಇನ್ನೂ ಅಪಾಯಕಾರಿ. ಏಕೆಂದರೆ ಮಕ್ಕಳು ಆಡುವುದೂ, ವೃದ್ಧರು ಸಂಜೆ ಹೊತ್ತು ಅಡ್ಡಾಡುವುದೂ ಆ ಕ್ರಾಸ್‌ಗಳಲ್ಲೇ.

ಚರ್ಚ್ ಸ್ಟ್ರೀಟ್ ಕಲಿಸಿದ ಪಾಠ

ಬ್ರಿಗೇಡ್ ರಸ್ತೆಯಿಂದ ಸೇಂಟ್ ಮಾರ್ಕ್ಸ್ ರಸ್ತೆಯವರೆಗೆ ಮುಕ್ಕಾಲು ಕಿಲೋಮೀಟರಿನಷ್ಟು ಉದ್ದವಿರುವ ಚರ್ಚ್ ಸ್ಟ್ರೀಟ್, ಪುಸ್ತಕದಂಗಡಿಗಳಿಗೂ ಉಪಾಹಾರ ಗೃಹಗಳಿಗೂ ಹೆಸರಾದ ಬೀದಿ. 2018ರಲ್ಲಿ ಅದು ಕಲ್ಲುಹಾಸಿನ ಹೊಸ ರೂಪ ಪಡೆಯಿತು. 2020ರ ನವೆಂಬರ್‌ನಿಂದ 2021ರ ಫೆಬ್ರುವರಿವರೆಗೆ ನಗರ ಭೂಸಾರಿಗೆ ನಿರ್ದೇಶನಾಲಯ ಇಲ್ಲಿ ‘ಕ್ಲೀನ್ ಏರ್ ಸ್ಟ್ರೀಟ್’ ಪ್ರಯೋಗ ನಡೆಸಿತು. ವಾರಾಂತ್ಯಗಳಲ್ಲಿ ವಾಹನಗಳಿಗೆ ಪ್ರವೇಶ ನಿಷಿದ್ಧ. ಗಾಳಿಯ ಗುಣಮಟ್ಟ ಅಳೆಯುವ ಹೊಣೆ ಭಾರತೀಯ ವಿಜ್ಞಾನ ಸಂಸ್ಥೆಯದು.

ಪ್ರಯೋಗ ಜನಪ್ರಿಯವಾಯಿತು ಎಂಬುದರಲ್ಲಿ ಎರಡು ಮಾತಿಲ್ಲ. ಕೊರೊನಾ ಭೀತಿಯ ನಡುವೆಯೂ ಕುಟುಂಬ ಸಮೇತ ಜನ ಬಂದರು. ಆದರೆ ಅಂಗಡಿಕಾರರ ಅಭಿಪ್ರಾಯ ಏಕರೂಪವಾಗಿರಲಿಲ್ಲ. ನಡೆದಾಡುವ ಗಿರಾಕಿಗಳನ್ನೇ ನೆಚ್ಚಿದ ತಿಂಡಿ, ಪಾನೀಯದ ಅಂಗಡಿಗಳಿಗೆ ಜನಜಂಗುಳಿ ವರವಾಯಿತು. ಕಾರಿನಲ್ಲಿ ಬಂದು ನಿಶ್ಚಿತ ವಸ್ತು ಕೊಂಡು ಹೊರಡುವ ಗಿರಾಕಿಗಳನ್ನು ನಂಬಿದವರು ಗೊಣಗಿದರು. ಬೀದಿಯಲ್ಲೇ ವಾಸವಿದ್ದ ಕೆಲವೇ ಕುಟುಂಬಗಳಿಗೆ ಮನೆ ತಲುಪುವುದೇ ಒಂದು ಸವಾಲಾಯಿತು. ಸರಕು ಇಳಿಸುವ ಸಮಯ, ಆಂಬುಲೆನ್ಸ್ ಪ್ರವೇಶ, ನಡೆಯಲಾಗದ ವೃದ್ಧರನ್ನು ಕರೆತರುವ ಬಗೆ ಮುಂತಾದ ಸಣ್ಣಪುಟ್ಟ ವಿವರಗಳೇ ದೊಡ್ಡವಾದವು. ಅವಧಿ ಮುಗಿಯಿತು, ವಾಹನಗಳು ಮರಳಿದವು, ಪ್ರಯೋಗ ಕಾಯಂ ಆಗಲಿಲ್ಲ.

ಚರ್ಚ್ ಸ್ಟ್ರೀಟ್‌ಗೆ ಇದ್ದ ಅನುಕೂಲಗಳು ಎಲ್ಲ ಬೀದಿಗಳಿಗೂ ಇಲ್ಲ. ಎಂ.ಜಿ. ರಸ್ತೆ ಮೆಟ್ರೊ ನಿಲ್ದಾಣ 2011ರಿಂದಲೇ ಅದರ ಮಗ್ಗುಲಲ್ಲಿದೆ. ಸಮಾನಾಂತರವಾಗಿ ಎರಡು ದೊಡ್ಡ ರಸ್ತೆಗಳಿವೆ. ವಾಸದ ಮನೆಗಳು ಕಡಿಮೆ. ಇಷ್ಟಿದ್ದೂ ವಾರದಲ್ಲಿ ಎರಡು ದಿನದ ಬದಲಾವಣೆಯನ್ನು ಉಳಿಸಿಕೊಳ್ಳಲು ಆಗಲಿಲ್ಲವೆಂದರೆ, ಜನರ ಒಪ್ಪಿಗೆಯನ್ನು ಕಾಯಂ ವ್ಯವಸ್ಥೆಯಾಗಿ ಮಾರ್ಪಡಿಸುವ ಸಾಂಸ್ಥಿಕ ಶಕ್ತಿ ನಗರಕ್ಕೆ ಇರಲಿಲ್ಲ ಎಂದೇ ಅರ್ಥ.

ಗಾಂಧಿ ಬಜಾರಿನ ಜಗಳ

ಗಾಂಧಿ ಬಜಾರ್ ಇದಕ್ಕಿಂತ ಜಟಿಲವಾದ ಉದಾಹರಣೆ. ಹೂವು, ಹಣ್ಣು, ಬಾಳೆಎಲೆ, ಪೂಜಾ ಸಾಮಗ್ರಿ, ಸೀರೆ ಅಂಗಡಿ, ಜತೆಗೆ 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನ: ಇವೆಲ್ಲ ಸೇರಿ ಆ ಬೀದಿಗೆ ಒಂದು ವ್ಯಕ್ತಿತ್ವವನ್ನೇ ನೀಡಿವೆ. ಅದು ಏಕಕಾಲಕ್ಕೆ ಮಾರುಕಟ್ಟೆಯೂ ಹೌದು, ವಸತಿ ಬಡಾವಣೆಯೂ ಹೌದು. ವರಮಹಾಲಕ್ಷ್ಮಿ, ಗೌರಿ–ಗಣೇಶ ಹಬ್ಬಗಳ ಮುನ್ನಾದಿನ ಅಲ್ಲಿ ಕಾಲಿಡಲೂ ಜಾಗವಿರುವುದಿಲ್ಲ.

ಈ ಬೀದಿಯನ್ನು ಪಾದಚಾರಿಗಳಿಗೆ ಆದ್ಯತೆ ನೀಡಿ ಪುನರ್‌ರೂಪಿಸುವ ಯೋಜನೆ 2022ರ ಹೊತ್ತಿಗೆ ಮುನ್ನೆಲೆಗೆ ಬಂದಾಗ ಆಕ್ಷೇಪಗಳ ಸರಮಾಲೆಯೇ ಎದ್ದಿತು. ಅಂಗಡಿ ಮಾಲೀಕರದು ಪಾರ್ಕಿಂಗ್ ಚಿಂತೆ. ಸಮೀಪದಲ್ಲಿ ಬಹುಮಹಡಿ ನಿಲುಗಡೆ ಕಟ್ಟಡದ ಭರವಸೆ ಅವರನ್ನು ಸಮಾಧಾನಪಡಿಸಲಿಲ್ಲ. ಬೀದಿ ವ್ಯಾಪಾರಿಗಳದು ಜಾಗ ಕಳೆದುಕೊಳ್ಳುವ ಭಯ. ಪರಿಸರಾಸಕ್ತರಿಗೆ ಮರಗಳ ಬುಡದ ಬಗ್ಗೆ ಕಳವಳ. ಡಿವಿಜಿ ರಸ್ತೆ ಮತ್ತು ಸುತ್ತಲಿನ ಕ್ರಾಸ್‌ಗಳ ನಿವಾಸಿಗಳಿಗೆ ತಮ್ಮ ಮನೆಯ ಮುಂದೆ ಕಾರುಗಳ ಸಾಲು ಬೆಳೆಯುವ ಆತಂಕ. ಕಾಮಗಾರಿ ಎಳೆದಷ್ಟೂ ದೂಳು, ಅಗೆದ ಗುಂಡಿ, ವ್ಯಾಪಾರ ಕುಸಿತಗಳಿಂದ ಅಸಹನೆ ಬೆಳೆಯಿತು.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಆಕ್ಷೇಪಿಸಿದ ಪ್ರತಿಯೊಂದು ಗುಂಪಿನಲ್ಲೂ ನಡೆಯುವವರಿದ್ದರು. ಅಂಗಡಿ ಮಾಲೀಕನೇ ಮಧ್ಯಾಹ್ನ ಊಟಕ್ಕೆ ನಡೆದು ಮನೆಗೆ ಹೋಗುವವನು. ಕ್ರಾಸ್ ನಿವಾಸಿಯೇ ಬೆಳಗ್ಗೆ ಹೂವು ಕೊಳ್ಳಲು ಚೀಲ ಹಿಡಿದು ಬರುವವಳು. ಒಬ್ಬನೇ ವ್ಯಕ್ತಿ ಬೆಳಗ್ಗೆ ಪಾದಚಾರಿ, ಹತ್ತು ಗಂಟೆಗೆ ಸ್ಕೂಟರ್ ಸವಾರ, ಭಾನುವಾರ ಕಾರಿನ ಮಾಲೀಕ. ಯಾವ ಪಾತ್ರದಲ್ಲಿ ನಿಂತು ಪ್ರಶ್ನೆ ಕೇಳಲಾಯಿತೋ ಆ ಪಾತ್ರದ ಉತ್ತರವೇ ದೊರೆಯುತ್ತದೆ. ‘ನಿಮ್ಮ ಬೀದಿಯಲ್ಲಿ ಪಾರ್ಕಿಂಗ್ ತೆಗೆಯಬಹುದೇ’ ಎಂದರೆ ‘ಕೂಡದು’. ‘ನಿಮ್ಮ ತಾಯಿ ಒಬ್ಬರೇ ಅಂಗಡಿಗೆ ಹೋಗಿಬರುವಂತಿರಬೇಕೇ’ ಎಂದರೆ ‘ಅಗತ್ಯವಾಗಿ’. ಎರಡೂ ಪ್ರಾಮಾಣಿಕ ಉತ್ತರಗಳೇ. ಒಂದನ್ನು ಮಾತ್ರ ಹಿಡಿದು ಜನಾಭಿಪ್ರಾಯವೆಂದು ಸಾರುವುದು ಸರಿಯಲ್ಲ.

ಲೆಕ್ಕ ಏನು ಹೇಳುತ್ತದೆ?

ಪಥ ಕಡಿತದ ಪರವಾಗಿರುವ ತಾಂತ್ರಿಕ ವಾದ ಬಲವಾದದ್ದು. ಒಂದು ರಸ್ತೆಯ ಸಾಮರ್ಥ್ಯ ನಿರ್ಧಾರವಾಗುವುದು ಅದರ ಅತ್ಯಂತ ಕಿರಿದಾದ ಭಾಗದಿಂದ. ನಾಲ್ಕು ಪಥದ ರಸ್ತೆ ಮುಂದೊಂದು ಕಡೆ ಎರಡು ಪಥಕ್ಕೆ ಇಳಿದರೆ, ಹಿಂದಿನ ಹೆಚ್ಚುವರಿ ಎರಡು ಪಥಗಳು ವಾಹನಗಳು ಕಾದು ನಿಲ್ಲುವುದಕ್ಕೋ ಅಡ್ಡಾದಿಡ್ಡಿ ನಿಲುಗಡೆಗೋ ಬಳಕೆಯಾಗುತ್ತವೆಯೇ ಹೊರತು ಸಂಚಾರವನ್ನು ವೇಗಗೊಳಿಸವು. ಉದ್ದಕ್ಕೂ ಸಮಾನ ಅಗಲದ ಪಥಗಳನ್ನು ಉಳಿಸಿ, ಮಿಕ್ಕ ಜಾಗವನ್ನು ಪಾದಚಾರಿಗಳಿಗೆ ಕೊಡಬೇಕೆಂಬುದೇ ಟೆಂಡರ್‌ಶ್ಯೂರ್ ರಸ್ತೆಗಳ ಹಿಂದಿನ ತರ್ಕ. ಕೊಳವೆ, ಕೇಬಲ್‌ಗಳನ್ನು ಫುಟ್‌ಪಾತ್ ಅಡಿಯ ನಾಳಗಳಲ್ಲಿ ಕೂರಿಸಿ ಪದೇ ಪದೇ ರಸ್ತೆ ಅಗೆಯುವುದನ್ನು ತಪ್ಪಿಸುವುದು ಅದರ ಇನ್ನೊಂದು ಉದ್ದೇಶ.

ಅಮೆರಿಕದ ನಗರ ಸಾರಿಗೆ ಅಧಿಕಾರಿಗಳ ಒಕ್ಕೂಟ ‘ನ್ಯಾಕ್ಟೋ’ ನೀಡುವ ಅಂದಾಜಿನ ಪ್ರಕಾರ 3 ಮೀಟರ್ ಅಗಲದ ಒಂದು ಪಥದಲ್ಲಿ ಖಾಸಗಿ ಮೋಟಾರು ವಾಹನಗಳ ಮೂಲಕ ಗಂಟೆಗೆ 600ರಿಂದ 1,600 ಮಂದಿ ಸಾಗಬಹುದು. ಅದೇ ಅಗಲ ಬಸ್ಸಿಗೆ ಮೀಸಲಾದರೆ 4,000ದಿಂದ 8,000 ಮಂದಿ. ನಡೆಯುವವರಿಗೆ ಬಿಟ್ಟುಕೊಟ್ಟರೆ 8,000ದಿಂದ 9,000 ಮಂದಿ. ದ್ವಿಚಕ್ರ ವಾಹನಗಳೇ ಅಧಿಕವಾಗಿರುವ ಬೆಂಗಳೂರಿನಲ್ಲಿ ಈ ಅಂಕಿಗಳು ಏರುಪೇರಾಗಬಹುದು, ಆದರೆ ತಕ್ಕಡಿ ವಾಲುವ ದಿಕ್ಕು ಬದಲಾಗದು.

ನಿಂತ ವಾಹನದ ಲೆಕ್ಕವಂತೂ ಇನ್ನೂ ಕಠೋರ. ಒಂದು ಕಾರು ನಿಲ್ಲಲು ಬೇಕಾಗುವುದು 2.5 ಮೀಟರ್ ಅಗಲ, 5 ಮೀಟರ್ ಉದ್ದದ ಜಾಗ, ಅಂದರೆ 12.5 ಚದರ ಮೀಟರ್. ಬಸವನಗುಡಿಯಲ್ಲೋ ಜಯನಗರದಲ್ಲೋ ಅಷ್ಟೇ ವಿಸ್ತಾರದ ಕೋಣೆ ಬಾಡಿಗೆಗೆ ಬೇಕೆಂದರೆ ತಿಂಗಳಿಗೆ ಸಾವಿರಾರು ರೂಪಾಯಿ ತೆರಬೇಕು. ರಸ್ತೆಬದಿಯಲ್ಲಿ ಅದೇ ಜಾಗ ಬಹುತೇಕ ಉಚಿತ. 2021ರಲ್ಲಿ ಸರ್ಕಾರ ಅನುಮೋದಿಸಿದ ‘ಪಾರ್ಕಿಂಗ್ ನೀತಿ 2.0’ ಮನೆ ಮುಂದೆ ರಸ್ತೆಯಲ್ಲಿ ಕಾರು ನಿಲ್ಲಿಸಲು ಗಾತ್ರಕ್ಕೆ ಅನುಗುಣವಾಗಿ ವರ್ಷಕ್ಕೆ 1,000ದಿಂದ 5,000 ರೂಪಾಯಿವರೆಗೆ ಪರವಾನಗಿ ಶುಲ್ಕವನ್ನು ಸೂಚಿಸಿತ್ತು. ತಿಂಗಳಿಗೆ ನೂರು ರೂಪಾಯಿಯನ್ನೂ ಮುಟ್ಟದ ಕನಿಷ್ಠ ಶುಲ್ಕಕ್ಕೂ ಅಪಸ್ವರ ಎದ್ದಿತು, ನೀತಿ ಬಹುಪಾಲು ಕಡತದಲ್ಲೇ ಉಳಿಯಿತು.

ಇನ್ನೊಂದೆಡೆ ನಡೆಯುವವರು ತೆರುತ್ತಿರುವ ಬೆಲೆ ಪ್ರಾಣದ ರೂಪದ್ದು. ಕೇಂದ್ರ ಸಾರಿಗೆ ಸಚಿವಾಲಯದ ಅಂಕಿಅಂಶದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ಪಾದಚಾರಿಗಳು. ಐವರಲ್ಲಿ ಒಬ್ಬರು ಎಂದಾಯಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅಡೆತಡೆಯಿಲ್ಲದ ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿದ್ದು ಈ ಹಿನ್ನೆಲೆಯಲ್ಲಿಯೇ. ಅಲ್ಲಿಗೆ ಫುಟ್‌ಪಾತ್ ಎಂಬುದು ಸ್ಥಳೀಯ ಸಂಸ್ಥೆಯ ಔದಾರ್ಯದ ವಿಷಯವಾಗಿ ಉಳಿದಿಲ್ಲ.

ಭಯಕ್ಕೆ ಆಧಾರವಿಲ್ಲವೆ?

ಹಾಗೆಂದು ನಿವಾಸಿಗಳ ಅಳುಕನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ರಸ್ತೆ ಕಿರಿದಾದರೆ ದಟ್ಟಣೆ ಪಕ್ಕದ ಬೀದಿಗೆ ಹರಿಯುತ್ತದೆಯೇ ಅಥವಾ ಕರಗುತ್ತದೆಯೇ ಎಂಬುದು ಹಳೆಯ ಚರ್ಚೆ. ಬ್ರಿಟನ್ನಿನ ಸಂಶೋಧಕರು 11 ದೇಶಗಳ ಸುಮಾರು 70 ಪ್ರಕರಣಗಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರ್ಧದಷ್ಟು ಪ್ರಕರಣಗಳಲ್ಲಿ ಪರ್ಯಾಯ ರಸ್ತೆಗಳನ್ನೂ ಸೇರಿಸಿ ನೋಡಿದಾಗ ಒಟ್ಟು ಸಂಚಾರ ಶೇ 11ಕ್ಕಿಂತ ಹೆಚ್ಚು ಇಳಿದಿತ್ತು. ಜನ ಪ್ರಯಾಣದ ಸಮಯ ಬದಲಿಸಿದರು, ಬಸ್ಸು ಹಿಡಿದರು, ಎರಡು ಕೆಲಸಗಳನ್ನು ಒಂದೇ ಓಡಾಟದಲ್ಲಿ ಮುಗಿಸಿದರು. ಆದರೆ ಅದೇ ಅಧ್ಯಯನದಲ್ಲಿ ಇಳಿಕೆ ಕಾಣದ, ಏರಿಕೆಯೇ ಕಂಡ ಪ್ರಕರಣಗಳೂ ಇದ್ದವು. ಎಲ್ಲವೂ ಅವಲಂಬಿಸಿರುವುದು ಪರ್ಯಾಯ ಇದೆಯೇ ಇಲ್ಲವೇ ಎಂಬುದರ ಮೇಲೆ.

ಬೆಂಗಳೂರಿನಲ್ಲಿ ಆ ಪರ್ಯಾಯ ಎಲ್ಲೆಡೆ ಒಂದೇ ತೆರನಾಗಿಲ್ಲ. ಬಸವನಗುಡಿಗೆ 2017ರಲ್ಲಿ ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣ ದೊರೆಯಿತು. ಮಲ್ಲೇಶ್ವರಕ್ಕೆ ಸಂಪಿಗೆ ರಸ್ತೆ ನಿಲ್ದಾಣ 2014ರಲ್ಲೇ ಬಂದಿತು. ಮೆಟ್ರೊ ಮುಟ್ಟದ, ಬಸ್ಸು ಅಪರೂಪವಾದ ಹೊರವಲಯದ ಬಡಾವಣೆಗಳಲ್ಲಿ ಪಥ ಕಡಿತದ ಮಾತೆತ್ತಿದರೆ ಜನ ಸಿಡಿಮಿಡಿಗೊಳ್ಳುವುದು ಸಹಜ. 2023ರ ಜೂನ್‌ನಲ್ಲಿ ಆರಂಭವಾದ ‘ಶಕ್ತಿ’ ಯೋಜನೆಯ ಬಳಿಕ ಬಸ್ಸು ಹತ್ತುವ ಮಹಿಳೆಯರ ಸಂಖ್ಯೆ ಏರಿದೆ. ಬಸ್ಸು ಹತ್ತುವ ಪ್ರತಿಯೊಬ್ಬರೂ ಮನೆಯಿಂದ ನಿಲ್ದಾಣದವರೆಗೆ ಪಾದಚಾರಿಗಳೇ. ಹೀಗಿದ್ದೂ ನಿಲ್ದಾಣಕ್ಕೆ ಹೋಗುವ ಫುಟ್‌ಪಾತ್ ಮತ್ತು ಬಸ್ಸಿನ ಸಂಖ್ಯೆ ಎರಡನ್ನೂ ಒಟ್ಟಿಗೆ ಯೋಚಿಸುವ ಪದ್ಧತಿ ಇನ್ನೂ ಬೇರೂರಿಲ್ಲ.

ಅಂಗಡಿಕಾರರ ಭಯದ ಬಗ್ಗೆಯೂ ಅನ್ಯ ನಗರಗಳ ಅನುಭವ ಲಭ್ಯವಿದೆ. ಬ್ರಿಟನ್ನಿನ ಬ್ರಿಸ್ಟಲ್ ನಗರದ ವ್ಯಾಪಾರಿ ಬೀದಿಯೊಂದರಲ್ಲಿ 2006ರಲ್ಲಿ ನಡೆದ ಸಮೀಕ್ಷೆಯಲ್ಲಿ ತಮ್ಮ ಗಿರಾಕಿಗಳ ಪೈಕಿ ಶೇ 41ರಷ್ಟು ಮಂದಿ ಕಾರಿನಲ್ಲಿ ಬರುತ್ತಾರೆಂದು ಅಂಗಡಿಕಾರರು ಅಂದಾಜಿಸಿದ್ದರು; ವಾಸ್ತವವಾಗಿ ಹಾಗೆ ಬಂದವರು ಶೇ 22ರಷ್ಟು ಮಾತ್ರ. ಅಂಗಡಿಯ ಮುಂದೆ ನಿಂತ ಕಾರು ಕಣ್ಣಿಗೆ ಬೀಳುತ್ತದೆ, ನಡೆದು ಬಂದ ಹತ್ತು ಮಂದಿ ಕಣ್ಣಿಗೆ ಬೀಳುವುದಿಲ್ಲ. ಚೆನ್ನೈನ ಪಾಂಡಿ ಬಜಾರ್ 2019ರ ನವೆಂಬರ್‌ನಲ್ಲಿ ಪಾದಚಾರಿಸ್ನೇಹಿ ರೂಪ ಪಡೆಯುವ ಮುನ್ನ ಅಲ್ಲಿಯೂ ಇದೇ ವಿರೋಧವಿತ್ತು. ಶಾಶ್ವತ ಕಾಮಗಾರಿಗೆ ಮೊದಲು ಪ್ರಾಯೋಗಿಕವಾಗಿ ರಸ್ತೆ ಬದಲಿಸಿ ತೋರಿಸಿದ್ದು ಮನಸ್ಸು ಕರಗಲು ನೆರವಾಯಿತು.

ಎಚ್ಚರಿಕೆಯ ಉದಾಹರಣೆಯೂ ಇದೆ. ದೆಹಲಿಯ ಚಾಂದನಿ ಚೌಕದಲ್ಲಿ 2021ರಿಂದ ಬೆಳಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ವಾಹನ ನಿಷೇಧಿಸಲಾಯಿತು. ಕಲ್ಲುಹಾಸು, ಕೂರುವ ಕಟ್ಟೆಗಳೆಲ್ಲ ಬಂದವು. ಕಾವಲು ಸಡಿಲವಾದೊಡನೆ ನಿಷೇಧಿತ ವಾಹನಗಳೂ ನುಸುಳಿದವು. ಬೆಂಗಳೂರಿನ ಅಗಲವಾದ ಫುಟ್‌ಪಾತ್‌ಗಳ ಮೇಲೆ ಸ್ಕೂಟರ್ ಓಡುವುದನ್ನೂ ಕಾರು ಹತ್ತಿ ನಿಲ್ಲುವುದನ್ನೂ ನಿತ್ಯ ಕಾಣುವ ನಿವಾಸಿಗೆ ‘ನಿಮಗಾಗಿ ಜಾಗ ಬಿಡಿಸಿಕೊಟ್ಟಿದ್ದೇವೆ’ ಎಂಬ ಮಾತು ವ್ಯಂಗ್ಯದಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ಪಥವೂ ಹೋಯಿತು, ಫುಟ್‌ಪಾತೂ ಸಿಗಲಿಲ್ಲ ಎಂಬ ಸ್ಥಿತಿಯೇ ಅತ್ಯಂತ ಕೆಟ್ಟದ್ದು.

ಯಾರ ಅಭಿಪ್ರಾಯ, ಯಾರಿಗೆ ಲೆಕ್ಕ?

ಈ ಚರ್ಚೆಯ ನಿಜವಾದ ತೊಡಕು ಇರುವುದು ಇಲ್ಲಿ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಮಂಡಳಿಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಚರ್ಚ್ ಸ್ಟ್ರೀಟ್ ಪ್ರಯೋಗ ನಡೆದದ್ದು, ಗಾಂಧಿ ಬಜಾರ್ ಅಗೆದದ್ದು, ಪಾರ್ಕಿಂಗ್ ನೀತಿ ಬಂದದ್ದು ಎಲ್ಲವೂ ಕಾರ್ಪೊರೇಟರ್‌ಗಳಿಲ್ಲದ ಆಡಳಿತಾಧಿಕಾರಿಗಳ ಕಾಲದಲ್ಲಿ. ಬಡಾವಣೆಯ ಬಾಗಿಲಲ್ಲಿ ಆಗುವ ಬದಲಾವಣೆಗೆ ಬಡಾವಣೆಯ ಜನ ಪ್ರಶ್ನಿಸಬಹುದಾದ, ಮುಂದಿನ ಚುನಾವಣೆಯಲ್ಲಿ ಲೆಕ್ಕ ಕೇಳಬಹುದಾದ ಪ್ರತಿನಿಧಿಯೇ ಇರಲಿಲ್ಲ. ಇಂತಹ ನಿರ್ವಾತದಲ್ಲಿ ಯಾರ ದನಿ ಗಟ್ಟಿಯೋ ಅದೇ ಸ್ಥಳೀಯ ಅಭಿಪ್ರಾಯವಾಗುತ್ತದೆ.

ಗಟ್ಟಿಯಾದ ದನಿ ಸಾಮಾನ್ಯವಾಗಿ ಸಂಘಟಿತರದು. ಸ್ವಂತ ಮನೆಯುಳ್ಳ ನಿವಾಸಿಗಳ ಸಂಘ, ಅಂಗಡಿ ಮಾಲೀಕರ ಸಂಘಗಳು ಸಭೆಗೆ ಬರುತ್ತವೆ, ಮನವಿ ಸಲ್ಲಿಸುತ್ತವೆ, ಬೇಕಾದರೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತುತ್ತವೆ. ಬೆಳಗಿನ ಜಾವ ನಡೆದು ಬರುವ ಮನೆಗೆಲಸದ ಹೆಂಗಸರು, ಅಂಗಡಿಯ ಸಹಾಯಕರು, ಪಿ.ಜಿ.ಗಳಲ್ಲಿ ತಂಗಿರುವ ವಿದ್ಯಾರ್ಥಿಗಳು, ಬಾಡಿಗೆದಾರರು ಈ ಸಂಘಗಳಲ್ಲಿ ಅಪರೂಪ. ಬೀದಿಯನ್ನು ಅತಿ ಹೆಚ್ಚು ತುಳಿಯುವ ಪಾದಗಳಿಗೆ ಸಭೆಯಲ್ಲಿ ಕುರ್ಚಿಯಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳಿಗೆ ಶೇ 40ರಷ್ಟು ಸ್ಥಾನ ಮೀಸಲಿರಿಸಿದೆ. ಪಾದಚಾರಿಗಳಿಗೆ ಅಂಥ ಸಮಿತಿಯೂ ಇಲ್ಲ. ಪಾದಚಾರಿಗಳಿಗೂ ಸೈಕಲ್ ಸವಾರರಿಗೂ ಕಾನೂನಿನ ಹಕ್ಕು ನೀಡುವ ಸಕ್ರಿಯ ಸಂಚಾರ ಮಸೂದೆಯ ಕರಡನ್ನು ಭೂಸಾರಿಗೆ ನಿರ್ದೇಶನಾಲಯ ಸಿದ್ಧಪಡಿಸಿತ್ತು.

ಜನಮತ ಕೇಳಿದ ಮಾತ್ರಕ್ಕೆ ಎಲ್ಲವೂ ಬಗೆಹರಿಯುತ್ತದೆ ಎಂದೂ ಅಲ್ಲ. 2025ರ ಮಾರ್ಚ್‌ನಲ್ಲಿ ಪ್ಯಾರಿಸ್ ನಗರ ಇನ್ನೂ 500 ಬೀದಿಗಳನ್ನು ಪಾದಚಾರಿಗಳಿಗೆ ಬಿಟ್ಟುಕೊಡುವ ಕುರಿತು ಮತ ಕೇಳಿತು. ಶೇ 66ರಷ್ಟು ಮತಗಳು ಪರವಾಗಿ ಬಿದ್ದವು. ಆದರೆ ಮತ ಹಾಕಿದವರು ಶೇ 4ರ ಆಸುಪಾಸು ಮಾತ್ರ. ಹಾಗಾಗಿ ಕೇಳುವುದಷ್ಟೇ ಮುಖ್ಯವಲ್ಲ; ಯಾವಾಗ, ಯಾರನ್ನು, ಏನೆಂದು ಕೇಳಬೇಕೆಂಬುದೂ ಮುಖ್ಯ. ನಕ್ಷೆ ಸಿದ್ಧವಾಗಿ, ಟೆಂಡರ್ ಕರೆದು, ಗುತ್ತಿಗೆದಾರ ಗುದ್ದಲಿ ಹಿಡಿದ ಮೇಲೆ ಕರೆಯುವ ಸಮಾಲೋಚನಾ ಸಭೆ ಲಗ್ನವಾದ ಮೇಲೆ ಜಾತಕ ಕೇಳಿದಂತೆ.

ಬೆಂಗಳೂರಿನಾಚೆಗೂ ಇದೇ ಪ್ರಶ್ನೆ

ಇದು ರಾಜಧಾನಿಯ ಸಮಸ್ಯೆ ಮಾತ್ರವಲ್ಲ. ಹುಬ್ಬಳ್ಳಿ–ಧಾರವಾಡದಲ್ಲಿ 2018ರಲ್ಲಿ ಓಡಾಟ ಆರಂಭಿಸಿದ ಬಿ.ಆರ್.ಟಿ.ಎಸ್. ಬಸ್ಸುಗಳಿಗೆ ರಸ್ತೆಯ ನಡುವಿನ ಪಥವನ್ನು ಮೀಸಲಿಟ್ಟಾಗ, ಉಳಿದ ವಾಹನಗಳಿಗೆ ರಸ್ತೆ ಇಕ್ಕಟ್ಟಾಯಿತೆಂಬ ದೂರು ಧಾರವಾಡದಲ್ಲಿ ಜೋರಾಗಿಯೇ ಕೇಳಿಬಂತು. ಬಸ್ ಪಥವನ್ನು ಎಲ್ಲರಿಗೂ ತೆರೆಯಬೇಕೆಂಬ ಬೇಡಿಕೆ ಹುಟ್ಟಿತು. ಮೈಸೂರಿನ ದೇವರಾಜ ಅರಸು ರಸ್ತೆ, ಹುಬ್ಬಳ್ಳಿಯ ದುರ್ಗದಬೈಲ್, ಮಂಗಳೂರಿನ ಹಂಪನಕಟ್ಟೆ, ಬೆಳಗಾವಿಯ ಖಡೇ ಬಜಾರ್‌ಗಳಲ್ಲಿ ಹಬ್ಬದ ದಿನ ನಿಂತು ನೋಡಿದವರಿಗೆ ಗಾಂಧಿ ಬಜಾರಿನ ಜಗಳ ಅಪರಿಚಿತವೆನಿಸದು. ಇಂದಲ್ಲ ನಾಳೆ ಆ ಬೀದಿಗಳಲ್ಲೂ ಪಥವೋ ಪಾದಚಾರಿಯೋ ಎಂಬ ಆಯ್ಕೆ ಎದುರಾಗಲಿದೆ.

ಮುಂದಿನ ದಾರಿ

ಸ್ಥಳೀಯರ ಆಕ್ಷೇಪಗಳನ್ನು ಒಟ್ಟಾಗಿ ಓದಿದರೆ ಅವುಗಳಲ್ಲೇ ಒಂದು ಕಾರ್ಯಸೂಚಿ ಅಡಗಿದೆ. ಮೊದಲನೆಯದು ಅನುಕ್ರಮ. ಮುಖ್ಯರಸ್ತೆಯನ್ನು ಕಿರಿದಾಗಿಸುವ ಮುನ್ನ ಅಕ್ಕಪಕ್ಕದ ಕ್ರಾಸ್‌ಗಳಲ್ಲಿ ವೇಗತಡೆ, ಏಕಮುಖ ಸಂಚಾರ, ಹಾದುಹೋಗುವ ವಾಹನಗಳಿಗೆ ನಿರ್ಬಂಧ ಜಾರಿಯಾಗಬೇಕು. ಕ್ರಾಸ್ ನಿವಾಸಿಗೆ ತನ್ನ ಬೀದಿ ಸುರಕ್ಷಿತ ಎಂಬ ಭರವಸೆ ಸಿಕ್ಕರೆ ವಿರೋಧದ ಅರ್ಧ ಬಲ ಕುಂದುತ್ತದೆ.

ಎರಡನೆಯದು ಪ್ರಯೋಗ. ಬಣ್ಣದ ಗೆರೆ, ಹೂಕುಂಡ, ತಾತ್ಕಾಲಿಕ ತಡೆಗಳಿಂದ ಮೂರು ತಿಂಗಳು ಬೀದಿಯನ್ನು ಬದಲಿಸಿ ನೋಡಬಹುದು. ತಪ್ಪಿದ್ದರೆ ತಿದ್ದಬಹುದು, ಖರ್ಚೂ ಅತ್ಯಲ್ಪ. ಪ್ರಯೋಗಕ್ಕೆ ಮುನ್ನ ಮತ್ತು ನಂತರ ಗಿರಾಕಿಗಳ ಸಂಖ್ಯೆ, ಪಕ್ಕದ ಬೀದಿಗಳ ದಟ್ಟಣೆ, ಬಸ್ಸಿನ ವೇಗವನ್ನು ಅಳೆದು ಕನ್ನಡದಲ್ಲಿ ಪ್ರಕಟಿಸಬೇಕು. ವಾದ ಆಗ ಊಹೆಯ ಮೇಲಲ್ಲ, ಅಳತೆಯ ಮೇಲೆ ನಡೆಯುತ್ತದೆ.

ಮೂರನೆಯದು ನಿರ್ವಹಣೆ. ಅಗಲವಾದ ಫುಟ್‌ಪಾತ್ ಕಟ್ಟುವುದು ಒಂದು ವರ್ಷದ ಕೆಲಸ, ಕಾಯುವುದು ಪ್ರತಿದಿನದ ಕೆಲಸ. ಚರ್ಚ್ ಸ್ಟ್ರೀಟ್‌ನ ಕಲ್ಲುಗಳು ಕಿತ್ತುಬಂದು ದುರಸ್ತಿಗೆ ಕಾದ ದಿನಗಳನ್ನು ನಗರ ಕಂಡಿದೆ. ಪಾರ್ಕಿಂಗ್ ಶುಲ್ಕವನ್ನು ಅದೇ ಬೀದಿಯ ನಿರ್ವಹಣೆಗೆ ಮೀಸಲಿಟ್ಟರೆ, ಹಣ ಕೊಡುವವರಿಗೂ ಅದು ಎಲ್ಲಿ ಹೋಯಿತೆಂದು ಕಣ್ಣಾರೆ ಕಾಣುತ್ತದೆ.

ನಾಲ್ಕನೆಯದು ಪ್ರಾತಿನಿಧ್ಯ. 2025ರ ಸೆಪ್ಟೆಂಬರ್‌ನಲ್ಲಿ ಹಳೆಯ ಪಾಲಿಕೆಯ ಜಾಗದಲ್ಲಿ ಐದು ನಗರಪಾಲಿಕೆಗಳು ರಚನೆಯಾದವು. ಹೊಸ ಕಾಯ್ದೆಯಲ್ಲಿ ವಾರ್ಡ್ ಸಮಿತಿಗಳಿಗೆ ಅವಕಾಶವಿದೆ. ಬೀದಿಯ ವಿನ್ಯಾಸದಂತಹ ತೀರ್ಮಾನಗಳು ಮೊದಲು ಆ ಸಮಿತಿಗಳ ಮುಂದೆ ಬರಬೇಕು. ಬಾಡಿಗೆದಾರರು, ಬೀದಿ ವ್ಯಾಪಾರಿಗಳು, ಅಂಗವಿಕಲರು, ಶಾಲಾ ಮಕ್ಕಳ ಪೋಷಕರು ಅಲ್ಲಿ ಕೂರುವಂತಾಗಬೇಕು.

ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುಮಾರು 17 ಕಿಲೋಮೀಟರ್ ಸುರಂಗ ರಸ್ತೆಗೆ ಅಂದಾಜಿಸಿದ ವೆಚ್ಚ 17 ಸಾವಿರ ಕೋಟಿ ರೂಪಾಯಿಯನ್ನು ಮೀರಿದೆ. ಕಾರುಗಳಿಗೆ ನೆಲದಡಿಯಲ್ಲಿ ಹೊಸ ಪಥ ಕೊರೆಯಲು ಇಷ್ಟು ಮೊತ್ತ ತೆಗೆದಿರಿಸಲು ಸಿದ್ಧವಿರುವ ವ್ಯವಸ್ಥೆ, ನೆಲದ ಮೇಲೆ ನಡೆಯುವವರಿಗಾಗಿ ಒಂದು ಬಡಾವಣೆಯ ಜನರೊಡನೆ ಮೂರು ತಿಂಗಳು ಕುಳಿತು ಮಾತನಾಡಲು ಸಮಯವಿಲ್ಲ ಎನ್ನುವಂತಿಲ್ಲ. ನಿವಾಸಿಗಳ ‘ಬೇಡ’ ಎಂಬ ಮಾತಿನ ಹಿಂದೆ ಬಹಳ ಸಲ ಇರುವುದು ‘ಹೀಗೆ ಬೇಡ’ ಎಂಬ ಮಾತು. ಆ ಒಂದು ಪದದ ವ್ಯತ್ಯಾಸವನ್ನು ಕೇಳಿಸಿಕೊಂಡ ನಗರಪಾಲಿಕೆಗೆ ಗಾಂಧಿ ಬಜಾರಿನಂತಹ ಮುಂದಿನ ಬೀದಿ ಅಷ್ಟೊಂದು ಕಷ್ಟವಾಗಲಾರದು.